ಮುಕ್ಕಾಲು ಇಂಚು

ಟಕ್, ಟಕ್, ಟೊಕ್ — ಮೂರನೆಯ ಪೆಟ್ಟು ಬೇರೆ, ಉಳಿ ಗಟ್ಟಿ ಪದರ ದಾಟಿ ಒಳಗಿನ ಮೆದುವಿಗೆ ಇಳಿಯಿತು, ಇಷ್ಟು ತಿಳಿಯಲು ನನಗೆ ಕಣ್ಣು ಬೇಕಿಲ್ಲ, ನಲವತ್ತೊಂದು ವರ್ಷ ಕೊಡತಿ ಹಿಡಿದವನಿಗೆ ಕಿವಿಯೇ ಸಾಕು, ಹಸಿರು ಬಟ್ಟೆಯ ಪರದೆಯನ್ನು ಗಲ್ಲದ ಹತ್ತಿರ ಕಟ್ಟಿದ್ದಾರೆ, ಪರದೆಯ ಆಚೆ ನನ್ನ ಬಲಗೈ ಇದೆಯಂತೆ, ಇರಬಹುದು, ನನಗಂತೂ ಗೊತ್ತಾಗುತ್ತಿಲ್ಲ, ಕೊರಳೆಲುಬಿನ ಮೇಲೆ ಒಂದು ಸೂಜಿ ಚುಚ್ಚಿದರು, ಇಪ್ಪತ್ತು ನಿಮಿಷದಲ್ಲಿ ಭುಜದಿಂದ ಕೆಳಗಿನದೆಲ್ಲ ಪರರ ಸೊತ್ತು — ನೋವಾಗಲ್ಲ, ಆದ್ರೆ ಸದ್ದು ಕೇಳುತ್ತೆ, ಬೇಡ ಅಂದ್ರೆ ಪೂರ್ತಿ ನಿದ್ದೆ ಮಾಡಿಸ್ತೀನಿ, ಎಂದಿದ್ದರು ಅರಿವಳಿಕೆ ಡಾಕ್ಟರು, ಈಗ ನನ್ನ ತಲೆಯ ಹಿಂದೆ ಸ್ಟೂಲಿನ ಮೇಲೆ ಕೂತಿರುವವರು, ನಿದ್ದೆ ಬೇಡಿ ಸಾರ್, ನನ್ನ ಮೈಮೇಲೆ ಇನ್ನೊಬ್ಬರು ಉಳಿ ಹಾಕುವಾಗ ನಾನು ಗೊರಕೆ ಹೊಡೀತಾ ಬಿದ್ದಿರೋದಾ, ಎಂದೆ. ಟಕ್, ಟಕ್. ಡಾಕ್ಟರಮ್ಮ ಸುತ್ತಿಗೆಯನ್ನು ಅದರ ಕುತ್ತಿಗೆಯ ಹತ್ತಿರ ಹಿಡಿಯುತ್ತಾರೆ, ಪೆಟ್ಟಿನಲ್ಲೇ ಗೊತ್ತಾಗುತ್ತದೆ, ಗಿಡ್ಡ ಪೆಟ್ಟು, ಹೊಸಬರ ಪೆಟ್ಟು ಎಂದು ಮೊದಲು ಮುಖ ಕಿವುಚಿದೆ, ಆಮೇಲೆ ಗಮನಿಸಿದೆ, ಎರಡು ಪೆಟ್ಟಿಗೊಮ್ಮೆ ನಿಲ್ಲಿಸುತ್ತಾರೆ, ಉಳಿಯನ್ನು ತುಸು ತಿರುಚಿ ಸೀಳು ತಾನಾಗಿ ಬಿಡಲಿ ಎಂದು ಕಾಯುತ್ತಾರೆ, ಅವಸರವಿಲ್ಲ, ಸೈ, ಹದಿನೆಂಟರ ವಯಸ್ಸಿನಲ್ಲಿ ನನ್ನ ಕೈಗೆ ಸಿಕ್ಕಿದ್ದರೆ ಎರಡೇ ವರ್ಷದಲ್ಲಿ ಬಾಗಿಲ ಚೌಕಟ್ಟು ಕೂಡಿಸುವ ಹಾಗೆ ಮಾಡುತ್ತಿದ್ದೆ — ಉಳಿ ಮಸೆದು ತಂದಿದೀರಿ ತಾನೇ ಡಾಕ್ಟರಮ್ಮ, ಎಂದು ಪರದೆಯ ಈಚೆಯಿಂದ ಕೇಳಿದೆ, ಸಿಸ್ಟರ್ ನಕ್ಕರು, ಡಾಕ್ಟರಮ್ಮ ನಗಲಿಲ್ಲ, ಮಸೆದಿದೆ ಯಜಮಾನ್ರೇ, ನೀವು ಬಾಯಿ ಮುಚ್ಚಿದ್ರೆ ನನ್ನ ಕೈ ಇನ್ನೂ ನೆಟ್ಟಗೆ ಓಡುತ್ತೆ, ಎಂದರು, ಸರಿಯಾದ ಮಾತು, ಬೆನ್ನ ಹಿಂದೆ ನಿಂತು ಮಾತಾಡಿಸುವ ಮನೆಯವರಿಗೆ ನಾನೂ ಇದನ್ನೇ ಹೇಳುತ್ತಿದ್ದೆ, ಇಷ್ಟು ಮರ್ಯಾದೆಯಾಗಿ ಅಲ್ಲ. ಗೋಡೆಯ ಗಡಿಯಾರ ಒಂಬತ್ತೂ ಐವತ್ತು. ತೋಳಿಗೆ ರಕ್ತ ತಡೆಯುವ ಪಟ್ಟಿ ಬಿಗಿದದ್ದು ಒಂಬತ್ತೂ ಇಪ್ಪತ್ತಕ್ಕೆ, ಎರಡು ಗಂಟೆಗಿಂತ ಹೆಚ್ಚು ಬಿಗಿದಿಡುವಂತಿಲ್ಲ, ಅಂದರೆ ಹನ್ನೊಂದೂ ಇಪ್ಪತ್ತರೊಳಗೆ ಗೊತ್ತಾಗಬೇಕು, ಈ ಕೈ ಇನ್ನು ಬಗ್ಗುತ್ತದೋ ಇಲ್ಲವೋ. ಬಾಗಿಲ ಆಚೆ ಬೆಂಚಿನ ಮೇಲೆ ಮರಕುಟಿಗ ಕೂತಿದ್ದಾಳೆ, ಅಮ್ಮನ ಪಕ್ಕ, ನನ್ನ ಮಗಳು, ಮೂರು ವರ್ಷದವಳಿದ್ದಾಗ ಕಂಡ ಕಂಡ ಮರಕ್ಕೆ ಬೆರಳಿನ ಗೆಣ್ಣಿನಿಂದ ಕುಟ್ಟಿ ಕಿವಿ ಕೊಡುತ್ತಿದ್ದಳು, ಆ ಹೆಸರು ಅಂಟಿಕೊಂಡಿತು, ಈಗ ಇಪ್ಪತ್ತೊಂಬತ್ತು, ಹನ್ನೊಂದು ವರ್ಷದಿಂದ ನನ್ನ ಜೊತೆ ಮೆಟ್ಟಿಲು ಕಟ್ಟುತ್ತಾಳೆ, ಇನ್ನೂ ಕುಟ್ಟುತ್ತಾಳೆ, ಈಗಲೂ ಆ ಬೆಂಚಿಗೆ ಕುಟ್ಟಿ ನೋಡಿರುತ್ತಾಳೆ, ಒಳಗೆ ಭೂಸಾ, ಮೇಲೆ ಹಾಳೆ ಎಂದು ಮೂಗು ಮುರಿದಿರುತ್ತಾಳೆ.

ಮೂಳೆ, ಇರಬಾರದ ಕಡೆ ಮೂಳೆ, ಅಷ್ಟೇ ನನ್ನ ಕಾಯಿಲೆ, ಹತ್ತು ತಿಂಗಳ ಹಿಂದೆ ಬಿದ್ದು ಮೊಣಕೈ ಕೀಲು ತಪ್ಪಿತು, ಕೂರಿಸಿದರು, ಮೂರು ವಾರ ಪಟ್ಟಿ, ಪಟ್ಟಿ ಬಿಚ್ಚಿದಾಗ ಎಕ್ಸ್‌ರೇಯಲ್ಲಿ ಏನೂ ಇಲ್ಲ, ಎರಡನೆಯ ತಿಂಗಳು ಮೊಣಕೈಯ ಮುಂದೆ ಒಂದು ಹೊಗೆ, ಫೋಟೋ ಅಲ್ಲಾಡಿದೆ ಅಂದುಕೊಂಡೆ, ನಾಲ್ಕನೆಯ ತಿಂಗಳು ಹೊಗೆ ಮೋಡವಾಗಿತ್ತು, ಒಂಬತ್ತನೆಯ ತಿಂಗಳು ಮೋಡಕ್ಕೆ ಅಂಚು ಮೂಡಿತ್ತು, ಪೆನ್ಸಿಲಿನಲ್ಲಿ ಗೀಟು ಹಾಕಿದಷ್ಟು ಚೊಕ್ಕ ಅಂಚು — ಪೆಟ್ಟು ಬಿದ್ದ ಮಾಂಸ ಕೆಲವರಲ್ಲಿ ಹೀಗೆ ಮೂಳೆ ಆಗಿಬಿಡುತ್ತೆ, ಯಾಕೆ ಅಂತ ಪೂರ್ತಿ ಗೊತ್ತಿಲ್ಲ, ಎಂದರು ಡಾಕ್ಟರಮ್ಮ, ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಾನು ನಂಬುತ್ತೇನೆ, ಹಾಗಾದ್ರೆ ಇದು ನಕಲಿ ಮೂಳೆನಾ, ಅಲ್ಲ, ಅಸಲಿ, ಒಳಗೆ ಮಜ್ಜೆ ಸಮೇತ ಇರುತ್ತೆ, ಜಾಗ ಮಾತ್ರ ತಪ್ಪು. ಆ ದಿನ ಎದೆಯುಬ್ಬಿಸಿಕೊಂಡೇ ಮನೆಗೆ ಹೋದೆ, ಸುಳ್ಳೇಕೆ, ಐವತ್ತೆಂಟನೆಯ ವಯಸ್ಸಿನಲ್ಲಿ, ನಕ್ಷೆಯಿಲ್ಲದೆ, ಯಾರೂ ಕೇಳದೆ, ಮಜ್ಜೆ ಸಮೇತ ಒಂದು ಹೊಸ ಮೂಳೆ, ಈ ಮೈ ಅಂಥ ಕೆಲಸಗಾರ — ನೋಡೇ, ಎಂದು ಮರಕುಟಿಗನ ಅಮ್ಮನಿಗೆ ಎಕ್ಸ್‌ರೇ ತೋರಿಸಿದರೆ, ಬೇಡದ ಕಡೆ ಬೆಳೆಯೋದು ನಿಮ್ಮ ವಂಶದ ಗುಣ, ಕಿವಿಯೊಳಗಿನ ಕೂದಲು ನೋಡ್ಕೊಳ್ಳಿ ಮೊದಲು, ಎಂದಳು. ಕೈ ಮಡಚಿದಲ್ಲೇ ನಿಂತಿತು, ಬಾಯಿಗೆ ಬಾರದು, ಚಾಚಲಾಗದು, ಪಾಲಿಶ್ ಮಾಡುವ ಗೆಳೆಯ ಬಂದು ನೋಡಿ, ಇನ್ನು ಮೂಲೆಮಟ್ಟ ಹುಡುಕೋದೇ ಬೇಡಪ್ಪ, ನಿನ್ನ ಕೈ ಇಟ್ರೆ ತೊಂಬತ್ತು ಡಿಗ್ರಿ, ಎಂದ, ಅಲ್ಲಿಂದ ಓಣಿಗೆಲ್ಲ ನಾನು ಮೂಲೆಮಟ್ಟ, ವ್ಯಾಯಾಮ ಮಾಡಿಸುವ ಹುಡುಗಿ ಅಳತೆಪಟ್ಟಿ ಇಟ್ಟು ಎಂಬತ್ತೈದು ಎಂದಾಗ ನನಗೆ ನಿಜಕ್ಕೂ ಬೇಜಾರಾಯಿತು, ಐದು ಡಿಗ್ರಿ ಸುಳ್ಳು ಹೇಳುವ ಮೂಲೆಮಟ್ಟವನ್ನು ನಾನು ಒಲೆಗೆ ಹಾಕುತ್ತೇನೆ. ಮತ್ತೆ ಆ ವೈಸ್, ಅದನ್ನೂ ಹೇಳಬೇಕು, ಪಟ್ಟಿ ಬಿಚ್ಚಿದ ವಾರದಿಂದ ಮಣಿಕಟ್ಟಿಗೆ ಬಟ್ಟೆ ಸುತ್ತಿ ಕೆಲಸದ ಬೆಂಚಿನ ಮೇಲೆ ಮರ ಕಚ್ಚಿ ಹಿಡಿಯುವ ವೈಸಿಗೆ ಸಿಕ್ಕಿಸಿ ಹಿಂದಕ್ಕೆ ವಾಲುತ್ತಿದ್ದೆ, ಹಲ್ಲು ಕಚ್ಚಿ, ದಿನಕ್ಕೆ ಮೂವತ್ತು ಸಲ, ಮಳೆಗೆ ಉಬ್ಬಿದ ಬಾಗಿಲನ್ನು ಆಡಿಸಿ ಆಡಿಸಿಯೇ ಸಡಿಲ ಮಾಡಬೇಕು, ಇದು ಬಡಗಿಯ ಬುದ್ಧಿ, ಕೈ ಕೆಂಪಗೆ ಬಿಸಿಯಾಗಿ ಊದಿದರೆ ಆಹಾ, ಕೀಲು ಬಿಡುತ್ತಿದೆ ಎಂದುಕೊಂಡೆ, ಡಾಕ್ಟರಮ್ಮ ಕೇಳಿ ಪೆನ್ನು ಕೆಳಗಿಟ್ಟರು, ಹಾಗಾದ್ರೆ ಇದನ್ನ ಬೆಳೆಸಿದ್ದು ನಾನೇನಾ, ಹಾಗಂತ ಹೇಳೋಕಾಗಲ್ಲ, ಕೆಲವರು ಹೌದು ಅಂತಾರೆ, ಸಾಬೀತಾಗಿಲ್ಲ, ಆದ್ರೆ ನೀವು ಅದಕ್ಕೆ ಉಪಕಾರವನ್ನಂತೂ ಮಾಡಿಲ್ಲ. ಈಗ ಕತ್ತರಿಸಬಹುದು, ಹಣ್ಣಾಗಿದೆ, ಎಂದರು ಒಂಬತ್ತನೆಯ ತಿಂಗಳ ಎಕ್ಸ್‌ರೇ ಬೆಳಕಿಗೆ ಹಿಡಿದು, ಹಸಿ ಮರಕ್ಕೆ ಉಳಿ ಹಾಕಬಾರದು ಎಂದು ನಾನು, ಹೌದು, ಹಾಗೇ ಎಂದು ಅವರು, ಒಂದೇ ಶಾಲೆಯಲ್ಲಿ ಓದಿದವರ ಹಾಗೆ.

ಸದ್ದು ನಿಂತಿತು. ಹತ್ತೂ ಹತ್ತು. ಉಳಿಯಿಲ್ಲ, ಕೊಡತಿಯಿಲ್ಲ, ಕೆರೆಯುವ ಸದ್ದೊಂದೇ, ಅದೂ ಬಿಟ್ಟು ಬಿಟ್ಟು — ನರ, ನರದ ಹತ್ತಿರ ಬಂದಿದ್ದಾರೆ, ಕಿರುಬೆರಳಿಗೆ ಹೋಗುವ ನರದ ಮೇಲೆ ನನ್ನ ಮೂಳೆ ಸೇತುವೆ ಕಟ್ಟಿದೆ, ನಿನ್ನೆಯೇ ಚಿತ್ರ ಬರೆದು ತೋರಿಸಿದ್ದರು, ನರ ಬಿಡಿಸಿಕೊಂಡ್ರೆ ಮುಂದೆ ಹೋಗ್ತೀನಿ, ಬಿಡಿಸೋಕಾಗದಿದ್ರೆ ಅಲ್ಲಿಗೇ ನಿಲ್ಲಿಸ್ತೀನಿ, ಕೈ ಹೀಗೇ ಇರುತ್ತೆ, ನರ ಕಡಿದು ಕೈ ಬಗ್ಗಿಸೋದು ನನಗೆ ಬೇಡ, ನಿಮಗೂ ಬೇಡ, ಹೌದು ಬೇಡ, ಬೆರಳಿಗೆ ಹಿಡಿತವಿಲ್ಲದ ಕೈ ಬಗ್ಗಿದರೆಷ್ಟು ಬಿಟ್ಟರೆಷ್ಟು. ಅರ್ಜಿ ತುಂಬಿಸಿಕೊಂಡಾಗ ಸಿಸ್ಟರ್ ಕೇಳಿದ್ದರು, ಪೆಟ್ಟು ಬಿದ್ದಿದ್ದು ಹೇಗೆ, ಮರದ ಹೊಟ್ಟಿನ ಮೇಲೆ ಕಾಲು ಜಾರಿ ಎಂದೆ, ನಾಲಿಗೆಗೆ ಅಭ್ಯಾಸವಾಗಿಬಿಟ್ಟಿದೆ, ಮರಕುಟಿಗ ಪಕ್ಕದಲ್ಲೇ ಇದ್ದಳು, ನನ್ನ ಮುಖ ನೋಡಿದಳು, ಒಂದೇ ಸಲ, ಮತ್ತೆ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದಳು. ಹೊಟ್ಟು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಿದ್ದದ್ದು ಎರಡು ಮಹಡಿಯ ಒಂದು ಮನೆಯಲ್ಲಿ, ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ ಹತ್ತಡಿ, ನೂರ ಇಪ್ಪತ್ತು ಇಂಚು, ಹದಿನಾರು ಏರು, ಒಂದೊಂದು ಏಳೂವರೆ, ಭಾಗಾಕಾರದಲ್ಲಿ ಶೇಷವೇ ಉಳಿಯದ ಮೆಟ್ಟಿಲು, ತೇಗದ ಹಲಗೆ ಹದಿನೈದು, ಹದಿನಾರನೆಯ ಏರು ಮೇಲಿನ ನೆಲವೇ, ಮೆಟ್ಟಿಲ ನಡುವೆ ಮರೆಹಲಗೆ ಬೇಡ, ಗಾಳಿ ಬೆಳಕು ಆಡಲಿ ಎಂದಿದ್ದರು ಮನೆಯಾಕೆ — ಅಪ್ಪಾ, ಮೇಲಿನ ನೆಲಕ್ಕೆ ಆಮೇಲೆ ಮರದ ಹಲಗೆ ಹಾಸ್ತಾರಲ್ಲ, ಅದರ ದಪ್ಪ ಲೆಕ್ಕಕ್ಕೆ ಹಿಡಿದ್ಯಾ, ಎಂದಳು ಕಿವಿಯ ಮೇಲಿಂದ ಪೆನ್ಸಿಲ್ ತೆಗೆಯುತ್ತ, ಅಜ್ಜಿಗೆ ಕೆಮ್ಮೋದು ಕಲಿಸ್ತೀಯಾ, ನೀನು ಹುಟ್ಟೋಕೆ ಮೊದಲು ನಾನು ಕಟ್ಟಿದ ಮೆಟ್ಟಿಲು ಎಣಿಸಿದ್ರೆ ಮೋಡ ಮುಟ್ಟುತ್ತೆ, ಎಂದೆ, ಹಿಡಿದಿರಲಿಲ್ಲ, ಮರೆತಿದ್ದೆ, ಅವಳು ಕೇಳಿದ ಆ ಗಳಿಗೆಯಲ್ಲೇ ಮರೆತದ್ದು ಗೊತ್ತಾಯಿತು, ಗೊತ್ತಾದದ್ದಕ್ಕೇ ಗದರಿದೆ. ಮುಕ್ಕಾಲು ಇಂಚು. ಕಾಲಿಗೆ ಕಣ್ಣಿದೆ, ಎರಡು ಮೆಟ್ಟಿಲು ಹತ್ತಿದ ಮೇಲೆ ಅದು ಎತ್ತರ ಕಲಿತುಬಿಡುತ್ತದೆ, ಮೂರನೆಯದರಿಂದ ನೋಡದೆ ಏರುತ್ತದೆ, ಹದಿನೈದು ಸಲ ಏಳೂವರೆ ಕೊಟ್ಟು ಹದಿನಾರನೆಯದು ಎಂಟೂ ಕಾಲು ಕೊಟ್ಟರೆ ಕಾಲು ಬೆರಳು ಅಂಚಿಗೆ ಬಡಿಯದೆ ಏನಾದೀತು, ಇದನ್ನು ಎಷ್ಟು ಜನಕ್ಕೆ ನಾನೇ ಪಾಠ ಮಾಡಿಲ್ಲ, ಮೇಲೆ ಹಲಗೆ ಹಾಸಿದ ಮಾರನೆಯ ಬೆಳಿಗ್ಗೆ ಕಟಕಟೆಯ ಕಂಬಗಳನ್ನು ತೋಳ ತುಂಬ ಎತ್ತಿಕೊಂಡು ಏರಿದೆ, ಹದಿಮೂರು, ಹದಿನಾಲ್ಕು, ಹದಿನೈದು, ಬೆರಳು ಬಡಿಯಿತು, ಕಂಬಗಳು ಚೆಲ್ಲಾಪಿಲ್ಲಿ, ಬಲಗೈ ಚಾಚಿದೆ, ಮೈಭಾರವೆಲ್ಲ ಅದರ ಮೇಲೆ, ಒಳಗೆ ಲಟ್ ಅಂದದ್ದು ತೇಗವಲ್ಲ. ಅಲ್ಲೇ ಮೇಲೆ ಅವಳು ಕಟಕಟೆಯ ಹಿಡಿಮರ ಕೊಯ್ದಿದ್ದಳು, ನೆಲದ ಮೇಲೆ ಒಂದಿಷ್ಟು ಹೊಟ್ಟು ಇತ್ತು, ನಿಜ, ಒಂದು ಹಿಡಿ, ನಾನು ಅಂಗಾತ ಹೊರಳಿ ಮೊದಲು ನೋಡಿದ್ದು ಅದನ್ನೇ — ಹೊಟ್ಟು ಗುಡಿಸೋಕೇನಾಗಿತ್ತು ನಿನಗೆ! ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಅವಳು ಓಡಿ ಬಂದವಳು ನನ್ನ ಕೈ ನೋಡಿದಳು, ಆಮೇಲೆ ಕೊನೆಯ ಮೆಟ್ಟಿಲು ನೋಡಿದಳು, ಆಮೇಲೆ ಹೊಟ್ಟು ನೋಡಿದಳು, ಆ ಸಾಲಿನಲ್ಲೇ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಹತ್ತು ತಿಂಗಳಿಂದ ಅವರಮ್ಮ ಬರೆ ಹಾಕುತ್ತಲೇ ಇದ್ದಾಳೆ, ನಿಮ್ಮಪ್ಪನ ಕೈ ತಿಂದವಳು ನೀನೇ ಕಣೇ, ಒಂದು ಪೊರಕೆ ಹಿಡಿಯೋಕೆ ಬರಲ್ವಾ, ಹತ್ತು ತಿಂಗಳಿಂದ ಮರಕುಟಿಗ ಕೆಲಸದ ಕೊಟ್ಟಿಗೆಯನ್ನು ದಿನಕ್ಕೆ ಎರಡು ಸಲ ಗುಡಿಸುತ್ತಾಳೆ, ನಾನು ಅಲ್ಲೇ ಕೂತು ಆ ಪೊರಕೆಯ ಸದ್ದು ಕೇಳುತ್ತೇನೆ.

ಹತ್ತೂ ಇಪ್ಪತ್ತೈದು, ಇನ್ನೂ ಕೆರೆಯುತ್ತಿದ್ದಾರೆ, ಸಣ್ಣದು ಕೊಡಿ, ಇನ್ನೂ ಸಣ್ಣದು, ಎನ್ನುತ್ತಾರೆ, ಹೀಗೆ ಸಣ್ಣದು ಕೇಳುವವರು ಕೆಲಸ ಕೆಡಿಸುವುದಿಲ್ಲ, ನನ್ನ ಮಗಳೂ ಹಾಗೇ, ಎಲ್ಲರಿಗಿಂತ ಸಣ್ಣ ಉಳಿ ಅವಳ ಚೀಲದಲ್ಲಿರುತ್ತದೆ — ಐದನೆಯ ತಿಂಗಳು, ಮೋಡದ ಎಕ್ಸ್‌ರೇ ತೆಗೆದ ಮೇಲಿನ ವಾರ, ಆ ಮನೆಯಲ್ಲಿ ಬಿಟ್ಟಿದ್ದ ನನ್ನ ಉಜ್ಜುಗೊರಡು ತರಲು ಹೋದೆ, ಒಬ್ಬನೇ, ಎಡಗೈಯಲ್ಲಿ ಚೀಲ, ಬಲಗೈ ಎಂಬತ್ತೈದು ಡಿಗ್ರಿ, ಮರಕುಟಿಗ ಕಟಕಟೆ ನಿಲ್ಲಿಸಿ ಕೆಲಸ ಮುಗಿಸಿ ಆಗಲೇ ನಾಲ್ಕು ತಿಂಗಳು, ಏನೇ ಮಾಡಿದೆ ಎಂದು ಕೇಳಿದ್ದಕ್ಕೆ, ಏನಿಲ್ಲಪ್ಪ, ಸ್ಕ್ರೂ ಬಿಗಿ ಮಾಡಿ ಬಂದೆ, ಎಂದಿದ್ದಳು. ಮನೆಯಾಕೆ ಬಾಗಿಲು ತೆಗೆದು, ಬನ್ನಿ ಬನ್ನಿ, ನಿಮ್ಮ ಮೆಟ್ಟಿಲು ಎಷ್ಟು ಹಗುರ ಗೊತ್ತಾ, ನಮ್ಮತ್ತೆ ಕೂಡ ಕಂಬ ಹಿಡಿಯದೆ ಹತ್ತುತ್ತಾರೆ, ಎಂದರು, ಅತ್ತೆ, ಕೊನೆಯ ಮೆಟ್ಟಿಲು, ಎಂಟೂ ಕಾಲು — ಉಜ್ಜುಗೊರಡು ಮೆಟ್ಟಿಲ ಕೆಳಗಿನ ಸಂದಿಯಲ್ಲಿತ್ತು, ಬಗ್ಗಿ ತೆಗೆದುಕೊಂಡು ತಲೆಯೆತ್ತಿದೆ, ಕೆಳಗಿನಿಂದ ನೋಡಿದೆ. ಮೆಟ್ಟಿಲು ಹೊರುವ ತೊಲೆಗೂ ಹಲಗೆಗೂ ನಡುವೆ ಕಪ್ಪು ಚಕ್ಕೆ. ಬೀಟೆ ಮರದ ಚಕ್ಕೆ, ಪ್ರತಿ ಹಲಗೆಯ ಎರಡೂ ತುದಿಗೆ, ಮೊದಲನೆಯ ಮೆಟ್ಟಿಲಲ್ಲಿ ಪೆನ್ಸಿಲ್ ಗೀಟಿನಷ್ಟು, ಎರಡನೆಯದರಲ್ಲಿ ಎರಡು ಗೀಟು, ಐದನೆಯದರಲ್ಲಿ ಕಾಲು ಇಂಚಿನಷ್ಟು, ಹತ್ತನೆಯದರಲ್ಲಿ ಅರ್ಧ ಇಂಚಿಗೆ ಚೂರು ಕಡಿಮೆ, ಹದಿನೈದನೆಯದರಲ್ಲಿ ಮುಕ್ಕಾಲಿಗೆ ಒಂದು ಗೀಟು ಕಡಿಮೆ, ಅಲ್ಲೇ ಗೋಡೆಗೆ ಒರಗಿ ಲೆಕ್ಕ ಹಾಕಿದೆ, ಮುಕ್ಕಾಲು ಇಂಚನ್ನು ಹದಿನಾರು ಏರಿಗೆ ಹಂಚಿದರೆ ಒಂದಕ್ಕೆ ಇಂಚಿನ ಅರವತ್ನಾಲ್ಕರಲ್ಲಿ ಮೂರು ಪಾಲು, ಒಂದು ಮಿಲಿಮೀಟರಿಗಿಂತ ಕೂದಲೆಳೆ ಹೆಚ್ಚು, ಯಾವ ಕಾಲಿಗೂ ಗೊತ್ತಾಗುವ ಅಳತೆಯಲ್ಲ, ನನ್ನ ತಪ್ಪನ್ನು ಹದಿನಾರು ಪಾಲು ಮಾಡಿ, ಒಂದೊಂದು ಮೆಟ್ಟಿಲಿಗೂ ಇಷ್ಟಿಷ್ಟೇ ತಿನ್ನಿಸಿ ಕರಗಿಸಿದ್ದಾಳೆ, ಹದಿನೈದು ಹಲಗೆ ಬಿಚ್ಚಿ, ಮೂವತ್ತು ಚಕ್ಕೆ ಉಜ್ಜಿ, ಹದಿನೈದು ದಪ್ಪ, ಮೊದಲನೆಯದು ಊದಿದರೆ ಹಾರುವಂಥದು, ಒಂದೂ ಸೀಳಿಲ್ಲ, ಒಂದೂ ಅಂಚು ಹೊರಗೆ ಚಾಚಿಲ್ಲ, ನಾನೇ ಆಗಿದ್ದರೆ ಕೊನೆಯ ಎರಡು ಮೆಟ್ಟಿಲಲ್ಲಿ ಹೊಂದಿಸಿ ಕೈ ತೊಳೆದುಕೊಳ್ಳುತ್ತಿದ್ದೆ, ನಾನೇ, ನಲವತ್ತೊಂದು ವರ್ಷದವನು. ಹತ್ತಿದೆ. ಕಣ್ಣು ಮುಚ್ಚಿ ಹತ್ತಿದೆ, ಹದಿಮೂರು, ಹದಿನಾಲ್ಕು, ಹದಿನೈದು, ಕಾಲು ಮೇಲಿನ ನೆಲಕ್ಕೆ ಇಳಿದದ್ದೇ ಗೊತ್ತಾಗಲಿಲ್ಲ, ಅಲ್ಲಿ ನಿಂತು ಅತ್ತುಬಿಟ್ಟೆನೋ ಏನೋ, ಮನೆಯಾಕೆ ಕಾಫಿ ತಂದವರು ಕೈ ನೋಯ್ತಿದ್ಯಾ ಎಂದು ಕೇಳಿದರು, ಹೌದು ಎಂದೆ. ತೇಗದ ಚಕ್ಕೆಯನ್ನೇ ಹಾಕಿದ್ದರೆ ತೇಗದಲ್ಲಿ ತೇಗ ಸೇರಿ ಯಾರಿಗೂ ಕಾಣುತ್ತಿರಲಿಲ್ಲ, ಬೀಟೆ ಹಾಕಿದ್ದಾಳೆ — ಗಟ್ಟಿ ಮರ, ಅದುಮಿ ಕೂರುವುದಿಲ್ಲ ಎಂದೋ, ಒಂದು ದಿನ ಒಬ್ಬನ ಕಣ್ಣಿಗೆ ಬೀಳಲಿ ಎಂದೋ. ಬಿತ್ತು. ಬಿದ್ದು ಐದು ತಿಂಗಳು. ದಿನಾ ಹೇಳಬೇಕೆಂದು ಬಾಯಿ ತೆಗೆಯುತ್ತೇನೆ, ಕೊಟ್ಟಿಗೆಗೆ ಬಂದವರಿಗೆಲ್ಲ, ನನ್ನ ಮಗಳ ಕೈಕೆಲಸ ನೋಡಿ ಎನ್ನುತ್ತೇನೆ, ಪಾಲಿಶಿನವನಿಗೆ, ಎದುರು ಅಂಗಡಿಯವನಿಗೆ, ಅವಳೊಬ್ಬಳನ್ನು ಬಿಟ್ಟು, ಅವಳು ಎದುರಿಗೆ ಬಂದರೆ ಇಲ್ಲೂ ಒಂದು ಕೀಲು ಕಚ್ಚಿಕೊಳ್ಳುತ್ತದೆ, ದವಡೆಯಲ್ಲಿ, ಯಾವ ಎಕ್ಸ್‌ರೇಗೂ ಕಾಣದ್ದು.

ನರ ಬಂತು. ಯಾರು ಅಂದದ್ದು, ಡಾಕ್ಟರಮ್ಮನೇ, ಪೂರ್ತಿ ಬಂತು, ಸಿಪ್ಪೆ ಸಮೇತ, ಎಂದರು, ದನಿಯಲ್ಲಿ ಒಂದು ಬಿಗುಪು, ಆ ಬಿಗುಪು ನನಗೆ ಗೊತ್ತು, ಮೂವತ್ತಡಿ ಹಿಡಿಮರ ಗೋಡೆ ಮುಟ್ಟುವಲ್ಲಿ ಒಂದು ಕಾಗದವೂ ತೂರದಂತೆ ಕೂತಾಗ ಬರುವಂಥದು, ಅದಕ್ಕೆ ನಾವು ಜಂಬ ಅನ್ನುವುದಿಲ್ಲ, ಅನ್ನಬಾರದು. ಟಕ್, ಟಕ್, ಟೊಕ್, ಮತ್ತೆ ಉಳಿ, ಈಗ ಧೈರ್ಯದ ಪೆಟ್ಟು, ಹತ್ತೂ ಐವತ್ತೆರಡಕ್ಕೆ ಸ್ಟೀಲಿನ ಬಟ್ಟಲಲ್ಲಿ ಠಣ್ ಎಂದು ಬಿತ್ತು, ನೋಡ್ತೀರಾ, ಬೇಡವಾ, ನೋಡದೆ ಇರ್ತೀನಾ, ಸಿಸ್ಟರ್ ಬಟ್ಟಲು ತಂದರು, ಬಿಳಿ, ಮೇಲೆ ಸ್ವಲ್ಪ ಕೆಂಪು, ಒಡೆದ ಕಡೆ ಸ್ಪಂಜಿನ ಹಾಗೆ ತೂತು ತೂತು, ಅಂಚು ಗಟ್ಟಿ, ಎಷ್ಟು ದಪ್ಪ ಡಾಕ್ಟರಮ್ಮ, ಹೆಚ್ಚು ದಪ್ಪ ಇರೋ ಕಡೆ ಹತ್ತೊಂಬತ್ತು ಮಿಲಿಮೀಟರ್, ಎಂದರು, ಅವರದು ಮಿಲಿಮೀಟರ್, ನನ್ನದು ಇಂಚು, ಮನಸ್ಸು ತಾನಾಗಿ ಭಾಗಿಸಿತು, ಇಪ್ಪತ್ತೈದು ಪಾಯಿಂಟ್ ನಾಲ್ಕರಿಂದ ಹತ್ತೊಂಬತ್ತು — ಇನ್ನೊಂದು ಸಲ ಭಾಗಿಸಿದೆ, ತಪ್ಪಿರಬಹುದು ಎಂದು, ತಪ್ಪಿರಲಿಲ್ಲ, ಮುಕ್ಕಾಲೇ. ಇದರಲ್ಲಿ ಅರ್ಥ ಏನೂ ಇಲ್ಲ, ಲೋಕದಲ್ಲಿ ಹತ್ತೊಂಬತ್ತು ಮಿಲಿಮೀಟರಿನ ವಸ್ತುಗಳು ಬೇಕಾದಷ್ಟಿವೆ, ಪ್ಲೈವುಡ್ ಇದೆ. ನನಗೆ ಕೊಡ್ತೀರಾ ಇದನ್ನ, ಇಲ್ಲ, ಪರೀಕ್ಷೆಗೆ ಹೋಗಬೇಕು. ಈಗ ನೋಡಿ, ಎಂದರು, ಪರದೆಯ ಮೇಲಿಂದ ಒಂದು ಕೈ ಬಂತು, ದೊಡ್ಡ ಕೈ, ಗಾಯದ ಗುರುತಿನ ಹೆಬ್ಬೆರಳು, ಮೆಲ್ಲಗೆ ಬಗ್ಗುತ್ತ ಬಂದು ನನ್ನ ಗಲ್ಲ ಮುಟ್ಟಿತು, ಗಲ್ಲಕ್ಕೆ ಬೆರಳು ಗೊತ್ತಾಯಿತು, ಬೆರಳಿಗೆ ಗಲ್ಲ ಗೊತ್ತಾಗಲಿಲ್ಲ, ಯಾರೋ ಹಿರಿಯರು ಬಂದು ಗಲ್ಲ ಹಿಡಿದು ಮುಖ ಎತ್ತಿದ ಹಾಗೆ — ನೂರ ಮೂವತ್ತು ಡಿಗ್ರಿ, ಚಾಚಿದರೆ ನೆಟ್ಟಗಾಗಲು ಹದಿನೈದು ಕಡಿಮೆ, ಇದು ಟೇಬಲ್ ಮೇಲಿನ ಲೆಕ್ಕ ಯಜಮಾನ್ರೇ, ಮೂಳೆ ಮತ್ತೆ ಬೆಳೆಯಬಹುದು, ಮಾತ್ರೆ ಇದೆ, ವ್ಯಾಯಾಮ ಇದೆ, ಉಳಿಸಿಕೊಳ್ಳೋದು ನಿಮ್ಮ ಕೈಯಲ್ಲೇ ಇದೆ, ವೈಸಿನಲ್ಲಲ್ಲ. ಹನ್ನೊಂದೂ ಎಂಟಕ್ಕೆ ತೋಳಿನ ಪಟ್ಟಿ ಬಿಚ್ಚಿದರು, ಹನ್ನೆರಡು ನಿಮಿಷ ಉಳಿಸಿದ್ದಾರೆ, ಭೇಷ್. ಹೊಲಿಗೆ ಹಾಕುತ್ತಿರುವಾಗ ಸಿಸ್ಟರ್ ಹಾಳೆ ಹಿಡಿದು ಬಂದು ಓದಿದರು, ಬಲ ಮೊಣಕೈ, ಹತ್ತು ತಿಂಗಳ ಹಿಂದೆ ಮರದ ಹೊಟ್ಟಿನ ಮೇಲೆ ಕಾಲು ಜಾರಿ, ಸರಿ ತಾನೇ, ಅಲ್ಲ, ಎಂದೆ, ಯಾವುದು ಅಲ್ಲ, ಎಡಗೈನಾ ಎಂದು ಗಾಬರಿಯಾದರು ಪಾಪ, ಕೈ ಸರಿ, ಹೊಟ್ಟು ತಪ್ಪು, ಹೊಟ್ಟು ಹೊಡೆದುಹಾಕಿ, ಕೊನೇ ಮೆಟ್ಟಿಲು ಮುಕ್ಕಾಲು ಇಂಚು ಎತ್ತರ ಇತ್ತು, ಅಳತೆ ನಂದೇ, ತಪ್ಪು ನಂದೇ, ಹಾಗೇ ಬರ್ಕೊಳ್ಳಿ, ಅಷ್ಟೆಲ್ಲ ಬರೆಯೋಕೆ ಇದರಲ್ಲಿ ಜಾಗ ಇಲ್ಲ ಯಜಮಾನ್ರೇ, ಸಣ್ಣ ಅಕ್ಷರದಲ್ಲಿ ಬರೀರಿ ತಾಯಿ. ಬರೆದರು. ಅರಿವಳಿಕೆ ಡಾಕ್ಟರು ತಲೆಯ ಹಿಂದಿನಿಂದ, ಏನ್ ಯಜಮಾನ್ರೇ, ಕೈ ಕೊಯ್ದರೆ ಬಾಯಿ ಬಿಡ್ತೀರಾ, ಎಂದರು.

ಟ್ರಾಲಿ ಹೊರಟಿತು, ಎಡಗಡೆಯ ಮುಂದಿನ ಚಕ್ರ ವಾಲಿದೆ, ಯಾರಾದರೂ ಒಂದು ಬೋಲ್ಟು ತಿರುವಬಾರದೇ, ಚಾವಣಿಯ ದೀಪಗಳು ಒಂದೊಂದಾಗಿ ಕಾಲಿನ ಕಡೆಗೆ ಜಾರುತ್ತಿವೆ, ಏಳು, ಎಂಟು, ಬಾಗಿಲ ಹತ್ತಿರ ಟಕ್ ಟ‌ಕ್ ಟಕ್, ಉಳಿಯಲ್ಲ, ಬೆರಳಿನ ಗೆಣ್ಣು, ಆಸ್ಪತ್ರೆಯ ಚೌಕಟ್ಟನ್ನೂ ಬಿಟ್ಟಿಲ್ಲ, ಅಪ್ಪಾ, ಬಗ್ಗುತ್ತಾ, ಅದೊಂದೇ ಮಾತು, ಕಿವಿಯ ಮೇಲೆ ಪೆನ್ಸಿಲ್ ಹಾಗೇ ಇದೆ, ಬಗ್ಗುತ್ತೆ, ನೂರ ಮೂವತ್ತು, ಎಂದೆ, ಅವಳು ಹಸಿರು ಬಟ್ಟೆಯ ಕೆಳಗೆ ಕೈ ಹಾಕಿ ನನ್ನ ಬೆರಳು ಹಿಡಿದುಕೊಂಡಳು, ಹಿಡಿದದ್ದು ನೋಡಿದೆ, ಗೊತ್ತಾಗಲಿಲ್ಲ, ಅವರಮ್ಮ ಬೆಂಚಿನಿಂದ ಏಳುತ್ತ, ಇನ್ನಾದ್ರೂ ಆ ಹೊಟ್ಟು ನೆಟ್ಟಗೆ ಗುಡಿಸು, ಎಂದು ಶುರು ಮಾಡಿದಳು, ಹೊಟ್ಟಲ್ಲ ಕಣೇ, ಎಂದೆ, ನಾನೇ ಅಂದೆ, ದವಡೆಯೊಳಗೆ ಏನೋ ಲಟ್ ಎಂದು ಬಿಟ್ಟಿತು, ಹೊಟ್ಟಲ್ಲ, ನನ್ನ ಲೆಕ್ಕ, ಇವಳು ಹೇಳಿದ್ದಳು, ನಾನು ಕೇಳಲಿಲ್ಲ, ಅವರಮ್ಮ ಮಾತು ಅರ್ಧದಲ್ಲಿ ನಿಲ್ಲಿಸಿ ಇವಳ ಮುಖ ನೋಡಿದಳು, ಇವಳು ನನ್ನ ಮುಖ, ಹದಿನೈದೂ ನೋಡಿದೀನಿ ಮಗಳೇ, ಎಂದೆ, ಟ್ರಾಲಿಯ ಜೊತೆ ನಡೆಯುತ್ತಿದ್ದವಳ ಹೆಜ್ಜೆ ನಿಂತಿತು, ಏನು ಹದಿನೈದು ಎಂದು ಕೇಳಲಿಲ್ಲ, ಯಾವಾಗ ಎಂದು ಕೇಳಿದಳು, ಐದು ತಿಂಗಳಾಯ್ತು, ಐದು ತಿಂಗಳಿಂದ ಬಾಯಲ್ಲಿ ಹೊಟ್ಟು ತುಂಬ್ಕೊಂಡು ಕೂತಿದ್ಯೇನಪ್ಪಾ, ಎಂದಳು, ನಕ್ಕಳೋ ಏನೋ, ಕಣ್ಣೀರು ಬೆರೆತ ನಗು, ಇನ್ನೂ ಹೇಳಬೇಕು, ನನಗಿಂತ ಚೆನ್ನಾಗಿ ಮಾಡಿದ್ದೀಯ ಎನ್ನಬೇಕು, ನಲವತ್ತೊಂದು ವರ್ಷದಲ್ಲಿ ನಾನು ಯಾರಿಗೂ ಅನ್ನದ ಮಾತು, ಮಾತು ಬಾಯಿತನಕ ಬರುತ್ತದೆ, ಹೊರಗೆ ಬೀಳುವುದಿಲ್ಲ, ಅದರ ಅಡಿಗೆ ಏನೋ ಸಿಕ್ಕಿಕೊಂಡಿದೆ, ತೆಳ್ಳಗೆ, ಕಪ್ಪಗೆ — ಮೊದಲನೆಯದು ಪೆನ್ಸಿಲ್ ಗೀಟು, ಊದಿದರೆ ಹಾರುವಂಥದು, ಎರಡನೆಯದು ಎರಡು ಗೀಟು, ಮೂರನೆಯದು ಮೂರು, ಬೀಟೆಯ ಚಕ್ಕೆ, ಒಂದೂ ಸೀಳಿಲ್ಲ, ನಾಲ್ಕು, ಐದು, ಕೆಳಗಿನಿಂದ ನೋಡುತ್ತಿದ್ದೇನೆ, ಮೇಲೇರಿದ ಹಾಗೆ ದಪ್ಪವಾಗುತ್ತ, ಹದಿಮೂರು, ಹದಿನಾಲ್ಕು, ಹದಿನೈದನೆಯ ಕಪ್ಪು ಚಕ್ಕೆ, ಹದಿನೈದನೆಯ ಕಪ್ಪು ಚಕ್ಕೆ —